ಲಿವರ್‌ಗೆ ಪೆಟ್ಟಾದ ಮಗುವಿನ ಮನೆಯವರಿಗೆ ಯಾವ ಕನ್ನಡ? (ತುರ್ತು)

ಕಾರವಾರದಿಂದ:
ಮಾನ್ಯರೇ, ಹೊಟ್ಟೆಗೆ ಪೆಟ್ಟು ಬಿದ್ದು ಲಿವರ್ ಸೀಳಿದ ಮಕ್ಕಳನ್ನು ಆಸ್ಪತ್ರೆಯಿಂದ ಮನೆಗೆ ಕಳುಹಿಸುವಾಗ ಕೊಡುವ ಸೂಚನಾ ಪತ್ರ ನಾಳೆ ಅಚ್ಚಿಗೆ ಹೋಗಬೇಕು. ‘ಕಂಟ್ಯೂಷನ್’ (ಒಳಗೇ ಜಜ್ಜಿದ ಪೆಟ್ಟು), ‘ಲ್ಯಾಸರೇಶನ್’ (ಹರಿದ ಪೆಟ್ಟು) ಎರಡಕ್ಕೂ ಪದ ಬೇಕು. ಸೈಕಲ್ ಹ್ಯಾಂಡಲ್ ತಿವಿದ ಮಗುವಿನ ಚರ್ಮದ ಮೇಲೆ ಒಂದು ದುಂಡನೆಯ ಗುರುತಷ್ಟೇ ಇರಬಹುದು. ‘ಗಾಯ’ ಎಂದರೆ ಮನೆಯವರು ರಕ್ತ ಹುಡುಕುತ್ತಾರೆ. ಲಿವರ್‌ಗೆ ‘ಯಕೃತ್ತು’ ಹಾಕಿದ್ದೇನೆ.

ಶಿರಸಿಯಿಂದ:
‘ಯಕೃತ್ತು’ ಕಿತ್ತುಹಾಕಿ. ‘ಈಲಿ’ ಇದೆಯಲ್ಲ! ತಮಿಳರು ‘ಈರಲ್’ ಎನ್ನಲು ನಾಚುವುದಿಲ್ಲ. ಕಂಟ್ಯೂಷನ್‌ಗೆ ‘ಮೂಗೇಟು’. ಅದರಲ್ಲಿರುವುದು ಮೂಗಲ್ಲ, ಮೂಗ: ಬಾಯಿಬಿಡದ ಏಟು. ಇದಕ್ಕಿಂತ ಒಳ್ಳೆಯ ಪದವನ್ನು ಯಾವ ವೈದ್ಯರೂ ಕಟ್ಟಲಾರರು.

ಕುಮಟೆಯಿಂದ:
‘ಈಲಿ ಸೀಳಿದೆ’ ಎಂದು ಅಚ್ಚಾಗಲಿ, ಓದಿದವರು ಇಲಿಯ ಬೋನು ತರುತ್ತಾರೆ. ‘ಪಿತ್ತಕೋಶ’ವೂ ಬೇಡ, ಅದು ಪಿತ್ತರಸದ ಚೀಲ. ಮಾಂಸದಂಗಡಿಯ ‘ಕಲೇಜಿ’ ಎಲ್ಲರಿಗೂ ತಿಳಿಯುತ್ತದೆ, ಆದರೆ ಕಾರವಾರದ ಕೊಂಕಣಿ ಮನೆಗಳಲ್ಲಿ ‘ಕಾಳಿಜ್’ ಎಂದರೆ ಹೃದಯ. ಆ ತಾಯಿಯ ಎದೆಯೇ ಒಡೆದೀತು. ಲಿವರ್ ಲಿವರ್ ಆಗಿಯೇ ಇರಲಿ. ಅಂದ ಹಾಗೆ ನಿಮ್ಮ ಮೂಗೇಟು ಮರಾಠಿಯ ‘ಮುಕಾ ಮಾರ್’ನ ನೆರಳಲ್ಲವೇ?

ಶಿರಸಿಯಿಂದ:
ಮರಾಠಿಯವರೇ ನಮ್ಮಿಂದ ಪಡೆದಿರಬಾರದೇಕೆ? ಕರಾವಳಿಯವರಿಗೆ ಪದವೆಲ್ಲ ದೋಣಿಯಲ್ಲೇ ಬರಬೇಕು. ಇಂದು ಲಿವರ್, ನಾಳೆ ಕಿಡ್ನಿ.

ಕುಮಟೆಯಿಂದ:
ಕಿಡ್ನಿ ಬಂದು ಎಷ್ಟೋ ಕಾಲವಾಯಿತು, ಕಲ್ಲಿನ ಸಮೇತ.

ಕಾರವಾರದಿಂದ:
ಜಗಳ ನಾಡಿದ್ದು ಮುಂದುವರಿಸಿ. ‘ಲಿವರ್ (ಯಕೃತ್ತು)’, ‘ಮೂಗೇಟು’, ‘ಸೀಳು’ ಎಂದು ಹಾಕುತ್ತೇನೆ. ಇನ್ನೆರಡು ತೊಡಕುಗಳಿವೆ. ಇಂಥ ಮಕ್ಕಳಲ್ಲಿ ಬಹುಪಾಲಿಗೆ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ನಾಡಿ, ರಕ್ತದೊತ್ತಡ, ಹಿಮೋಗ್ಲೋಬಿನ್ ನೋಡುತ್ತ ಕಾದರೆ ಲಿವರ್ ತಾನೇ ಕೂಡಿಕೊಳ್ಳುತ್ತದೆ. ಈ ‘ಕನ್ಸರ್ವೇಟಿವ್’ ಚಿಕಿತ್ಸೆಯನ್ನು ಹಳೆಯ ಕರಡಿನಲ್ಲಿ ಯಾರೋ ‘ಸಾಂಪ್ರದಾಯಿಕ ಚಿಕಿತ್ಸೆ’ ಮಾಡಿದ್ದಾರೆ. ಅದನ್ನು ಓದಿದವರು ನೇರವಾಗಿ ನಾಟಿ ಔಷಧಕ್ಕೆ ಹೋಗುತ್ತಾರೆ! ಇನ್ನೊಂದು ‘ಗ್ರೇಡ್’, ಅಂದರೆ ಪೆಟ್ಟು ಎಷ್ಟು ಗಂಭೀರ ಎಂದು ತಿಳಿಸುವ ಅಂಕಿ. ಗಾಯದ ಗ್ರೇಡ್‌ಗೆ ಎರಡು ಕೂಡಿಸಿ ಅಷ್ಟು ವಾರ ಓಟ, ಸೈಕಲ್, ಮರ ಹತ್ತುವುದು ಬೇಡ ಎಂಬುದು ಪ್ರಚಲಿತ ಲೆಕ್ಕ. ಗ್ರೇಡ್ 3 ಆದರೆ 5 ವಾರ. ‘ದರ್ಜೆ’ ಎಂದರೆ ಪರೀಕ್ಷೆಯ ಫಲಿತಾಂಶ, ‘ಹಂತ’ ಎಂದರೆ ಕ್ಯಾನ್ಸರ್ ನೆನಪಾಗುತ್ತದೆ.

ಶಿರಸಿಯಿಂದ:
‘ಕೊಯ್ಯದೆ ಗುಣಪಡಿಸುವುದು’. ಸಂಸ್ಕೃತವೂ ಇಲ್ಲ, ಇಂಗ್ಲಿಷೂ ಇಲ್ಲ.

ಕುಮಟೆಯಿಂದ:
ಇದೊಂದನ್ನು ಒಪ್ಪುತ್ತೇನೆ. ಗ್ರೇಡ್ ಪದವನ್ನೇ ಬಿಡಿ, ಮನೆಯವರಿಗೆ ಬೇಕಾದದ್ದು ವಾರಗಳ ಲೆಕ್ಕ. ‘___ ವಾರ ಆಟ ಬೇಡ’ ಎಂದು ಅಚ್ಚು ಹಾಕಿಸಿ, ಖಾಲಿ ಜಾಗವನ್ನು ವೈದ್ಯರು ಪೆನ್ನಿನಲ್ಲಿ ತುಂಬಲಿ. ಅದರ ಕೆಳಗೆ ದಪ್ಪಕ್ಷರದಲ್ಲಿ: ಹೊಟ್ಟೆನೋವು ಹೆಚ್ಚಿದರೆ, ಕಣ್ಣು ಹಳದಿಯಾದರೆ, ವಾಂತಿಯಲ್ಲಿ ರಕ್ತ ಕಂಡರೆ, ಮಲ ಕಪ್ಪಾದರೆ ಕೂಡಲೇ ಬನ್ನಿ.