20 ಮೆಗಾಹರ್ಟ್ಜ್ ಲೇಸರ್‌ಗೆ ನ್ಯಾರೋ ಅಂತ ಯಾಕೆ ಹೇಳುತ್ತಾರೆ?

ಎಂಎಸ್ಸಿ_ಬೆಂಚು:
ಎಲ್ಲರಿಗೂ ನಮಸ್ಕಾರ. ಸೆಮಿನಾರ್‌ಗೆ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದ ಐಸೋಲ್ಡ್ ಕೇಂದ್ರದ ವಿಷಯ ತೆಗೆದುಕೊಂಡಿದ್ದೇನೆ. ಅಲ್ಲಿ 1.4 ಜಿಇವಿ ಪ್ರೋಟಾನ್‌ಗಳನ್ನು ದಪ್ಪ ಟಾರ್ಗೆಟ್‌ಗೆ ಹೊಡೆಸಿ, ಹುಟ್ಟಿದ ವಿಕಿರಣಶೀಲ ಐಸೋಟೋಪ್‌ಗಳ ಮೇಲೆ ಲೇಸರ್ ಬಿಟ್ಟು ನ್ಯೂಕ್ಲಿಯಸ್‌ನ ಗಾತ್ರ, ಆಕಾರ ಅಳೆಯುತ್ತಾರೆ. ಅಲ್ಲಿವರೆಗೆ ಅರ್ಥವಾಯಿತು. ನಮ್ಮ ಲ್ಯಾಬಿನಲ್ಲಿ ರುಬಿಡಿಯಂ ಪ್ರಯೋಗಕ್ಕೆ ಇಟ್ಟಿರುವ ಸಾದಾ ಡಯೋಡ್ ಲೇಸರ್‌ನ ಲೈನ್‌ವಿಡ್ತ್ (ಬೆಳಕಿನ ಆವರ್ತನ ಎಷ್ಟು ಅಗಲಕ್ಕೆ ಹರಡಿದೆ ಅನ್ನುವ ಅಳತೆ) 1 ಮೆಗಾಹರ್ಟ್ಜ್‌ಗಿಂತ ಕಡಿಮೆ. ಅವರು ನೋಡಿದರೆ 20 ಮೆಗಾಹರ್ಟ್ಜ್‌ನ ಟೈಟಾನಿಯಂ ಸಫೈರ್ ಲೇಸರ್ ಕಟ್ಟಿ, ಅದನ್ನೇ ನ್ಯಾರೋ ಅಂತ ಹೆಮ್ಮೆಯಿಂದ ಬರೆಯುತ್ತಾರೆ. ಅಷ್ಟು ದೊಡ್ಡ ಜಾಗದಲ್ಲಿ ಒಳ್ಳೇ ಲೇಸರ್ ಸಿಗಲಿಲ್ವಾ? ಪೆದ್ದು ಪ್ರಶ್ನೆ ಅನಿಸಿದರೆ ಬೈಯಬೇಡಿ.

ಹಳೇ_ಪೋಸ್ಟ್‌ಡಾಕ್:
ಪೆದ್ದು ಪ್ರಶ್ನೆ ಅಲ್ಲ. ನಿಮ್ಮ ಲೇಸರ್ ಸದಾ ಉರಿಯುತ್ತಿರುತ್ತದೆ, ಅವರದ್ದು ಸೆಕೆಂಡಿಗೆ ಸಾವಿರಾರು ಸಲ ಮಿಂಚಿ ಆರುವ ಪಲ್ಸ್ ಲೇಸರ್. ವ್ಯತ್ಯಾಸ ಇರುವುದು ಅಲ್ಲೇ. ಐಸೋಲ್ಡ್‌ನ ಕ್ರಿಸ್ ಅನ್ನುವ ಪ್ರಯೋಗದಲ್ಲಿ ಪರಮಾಣುವನ್ನು ಮೊದಲ ಲೇಸರ್‌ನಿಂದ ಮೇಲಿನ ಮಟ್ಟಕ್ಕೆ ಏರಿಸುತ್ತಾರೆ, ಇನ್ನೊಂದರಿಂದ ಎಲೆಕ್ಟ್ರಾನ್ ಕಿತ್ತು ಅಯಾನು ಮಾಡಿ ಒಂದೊಂದಾಗಿ ಎಣಿಸುತ್ತಾರೆ. ಆ ಕೀಳುವ ಕೆಲಸಕ್ಕೆ ಭಾರಿ ತೀವ್ರತೆ ಬೇಕು. ಆವರ್ತನ ದುಪ್ಪಟ್ಟು ಮಾಡಿ ನೀಲಿ ಅಥವಾ ಯುವಿ ಬೆಳಕು ಪಡೆಯುವುದಕ್ಕೂ ಪಲ್ಸ್ ಆದರೆ ಸುಲಭ.

ಪಲ್ಸ್ ಅಂದಮೇಲೆ ಫೂರಿಯೇ ಮಿತಿ ಬಂತು, ಅಂದರೆ ಪಲ್ಸ್ ಚಿಕ್ಕದಾದಷ್ಟೂ ಆವರ್ತನ ಅಗಲಕ್ಕೆ ಹರಡಲೇಬೇಕು. 50 ನ್ಯಾನೋಸೆಕೆಂಡ್ ಪಲ್ಸ್ ಆದರೆ ಸುಮಾರು 9 ಮೆಗಾಹರ್ಟ್ಜ್‌ಗಿಂತ ಕೆಳಗೆ ಇಳಿಯಲು ಆಗುವುದೇ ಇಲ್ಲ, ಎಷ್ಟು ದುಡ್ಡು ಸುರಿದರೂ ಅಷ್ಟೇ. ಇನ್ನು ಪರಮಾಣುವಿನ ಕಡೆ ನೋಡಿ. ಮೇಲಿನ ಮಟ್ಟದ ಆಯುಸ್ಸು 10 ನ್ಯಾನೋಸೆಕೆಂಡ್ ಆದರೆ ಅದರ ಸಹಜ ಅಗಲವೇ 16 ಮೆಗಾಹರ್ಟ್ಜ್. ಅಂಥ ಗೆರೆಯ (ಪರಮಾಣು ಬೆಳಕು ಹೀರುವ ಆವರ್ತನದ) ಮೇಲೆ ಕಿಲೋಹರ್ಟ್ಜ್ ಅಗಲದ ಲೇಸರ್ ಬಿಟ್ಟರೂ ಪೀಕ್ 16ಕ್ಕಿಂತ ಸಣ್ಣ ಆಗಲ್ಲ.

ಮಜಾ ಏನಂದರೆ ನಿಮ್ಮದರಂಥ ಲೇಸರ್ ಅವರ ಪಲ್ಸ್ ಲೇಸರ್‌ನೊಳಗೇ ಇರಬಹುದು. ಪುಟ್ಟ ನ್ಯಾರೋ ಲೇಸರೊಂದು ರಿಂಗ್ ಕ್ಯಾವಿಟಿಗೆ (ಕನ್ನಡಿಗಳ ನಡುವೆ ಬೆಳಕು ಸುತ್ತುವ ಜಾಗಕ್ಕೆ) ಬೀಜ ಹಾಕುತ್ತದೆ, ಅಂದರೆ ಆವರ್ತನ ಹಿಡಿದು ಕೊಡುತ್ತದೆ, 532 ನ್ಯಾನೋಮೀಟರ್ ಪಂಪ್ ಶಕ್ತಿ ತುಂಬುತ್ತದೆ. ತಂಬೂರಿ ಕೊಟ್ಟ ಶ್ರುತಿಗೆ ಗಾಯಕ ದನಿ ಕೂಡಿಸಿದ ಹಾಗೆ. ಬೀಜವಿಲ್ಲದ ಸಾಮಾನ್ಯ ಪಲ್ಸ್ ಟೈಟಾನಿಯಂ ಸಫೈರ್ ಅಗಲ ಕೆಲವು ಗಿಗಾಹರ್ಟ್ಜ್. ಅದಕ್ಕೆ ಹೋಲಿಸಿದರೆ 20 ಮೆಗಾಹರ್ಟ್ಜ್ ನ್ಯಾರೋನೇ ಅಲ್ವಾ?

ಹಾಗಂತ ಅಗಲದ ಲೇಸರ್ ಕೆಟ್ಟದ್ದಲ್ಲ. 2000 ಡಿಗ್ರಿ ಕಾದ ಅಯಾನು ಮೂಲದೊಳಗೆ ಡಾಪ್ಲರ್ ಅಗಲವೇ (ಪರಮಾಣುಗಳು ಬೇರೆ ಬೇರೆ ವೇಗದಲ್ಲಿ ಓಡುವುದರಿಂದ ಆಗುವ ಅಗಲ) 2ರಿಂದ 4 ಗಿಗಾಹರ್ಟ್ಜ್ ಇರುತ್ತದೆ. ಅಲ್ಲಿ ನ್ಯಾರೋ ಲೇಸರ್ ಇಟ್ಟರೆ ಒಂದು ವೇಗದವರನ್ನು ಮಾತ್ರ ಹಿಡಿದು, ಉಳಿದವರನ್ನು ಸುಮ್ನೆ ಬಿಟ್ಟ ಹಾಗೆ. ಅದಕ್ಕೇ ಕ್ರಿಸ್‌ನವರು ಅಯಾನುಗಳನ್ನು ಹತ್ತಾರು ಸಾವಿರ ವೋಲ್ಟ್‌ನಲ್ಲಿ ಓಡಿಸಿ, ಅವು ಓಡುವ ದಾರಿಯುದ್ದಕ್ಕೇ ಲೇಸರ್ ಹಾಯಿಸುತ್ತಾರೆ. ಶಕ್ತಿಯ ಹರಡು ಇದ್ದಷ್ಟೇ ಇರುತ್ತದೆ, ಆದರೆ ವೇಗ ಜಾಸ್ತಿ ಆದಂತೆ ವೇಗದ ಹರಡು ಕುಗ್ಗುತ್ತದೆ. 40 ಕಿಲೋವೋಲ್ಟ್, 1 ಎಲೆಕ್ಟ್ರಾನ್‌ವೋಲ್ಟ್ ಹರಡು, ದ್ರವ್ಯರಾಶಿ 223, 400 ನ್ಯಾನೋಮೀಟರ್ ಅಂತ ಹಾಕಿ ಲೆಕ್ಕ ಮಾಡಿ, ಸುಮಾರು 6 ಮೆಗಾಹರ್ಟ್ಜ್ ಬರುತ್ತದೆ.

ಎಂಎಸ್ಸಿ_ಬೆಂಚು:
ಲೆಕ್ಕ ಮಾಡಿದೆ ಸರ್, 5.8 ಬಂತು! ಹಾಗಾದರೆ ಸದಾ ಉರಿಯುವ ಲೇಸರನ್ನು ಅಲ್ಲಿ ಯಾರೂ ನೇರವಾಗಿ ಬಳಸಲ್ವಾ?

ವೋಲ್ಟೇಜ್_ಸಂಕಟ:
ಬಳಸುತ್ತಾರೆ, ಅಲ್ಲೇ ಐಸೋಲ್ಡ್‌ನಲ್ಲೇ. ಕೊಲ್ಯಾಪ್ಸ್ ಪ್ರಯೋಗ ನೋಡಿ. ಅಲ್ಲಿ ಎಲೆಕ್ಟ್ರಾನ್ ಕೀಳುವುದಿಲ್ಲ, ಪರಮಾಣು ವಾಪಸ್ ಉಗುಳುವ ಬೆಳಕನ್ನು ಎಣಿಸುತ್ತಾರೆ. 2016ರಲ್ಲಿ ಕ್ಯಾಲ್ಸಿಯಂ 52ರ ನ್ಯೂಕ್ಲಿಯಸ್ ಅಂದುಕೊಂಡಿದ್ದಕ್ಕಿಂತ ದಪ್ಪ ಇದೆ ಅಂತ ತೋರಿಸಿದ್ದು ಹೀಗೆಯೇ.

ಆದರೆ ಎಲ್ಲರೂ ಲೇಸರ್ ಲೇಸರ್ ಅಂತಾರೆ, ಹೈ ವೋಲ್ಟೇಜನ್ನು ಯಾರೂ ಕೇಳಲ್ಲ. ಮೇಲಿನ ಲೆಕ್ಕವನ್ನೇ ತಿರುಗಿಸಿ ನೋಡಿ, 40 ಕಿಲೋವೋಲ್ಟ್‌ನಲ್ಲಿ 1 ವೋಲ್ಟ್ ಅಲುಗಾಡಿದರೆ ಪೀಕ್ ಸುಮಾರು 6 ಮೆಗಾಹರ್ಟ್ಜ್ ಜರುಗುತ್ತದೆ, ಕ್ಯಾಲ್ಸಿಯಂನಂಥ ಹಗುರ ಪರಮಾಣುವಿನಲ್ಲಿ ಸುಮಾರು 14. ನಾನು ಮೊದಲಿದ್ದ ಲ್ಯಾಬಿನಲ್ಲಿ ಒಂದು ರಾತ್ರಿಯಿಡೀ ಪೀಕ್ ಒಂದೇ ದಿಕ್ಕಿಗೆ ಜಾರುತ್ತಿತ್ತು. ಲೇಸರ್‌ನ ತರಂಗಾಂತರ ಅಳೆಯುವ ವೇವ್‌ಮೀಟರ್‌ಗೆ ಬೈದೆವು, ಎಸಿಗೆ ಬೈದೆವು, ಲೇಸರ್ ಲಾಕ್ ಬಿಚ್ಚಿ ಮತ್ತೆ ಹಾಕಿದೆವು, ಬೆಳಗಿನ ಜಾವ ಗೊತ್ತಾಗಿದ್ದು ಪವರ್ ಸಪ್ಲೈ ಕಾದು ವೋಲ್ಟೇಜ್ ಜಾರುತ್ತಿದೆ ಅಂತ. ನಡುನಡುವೆ ಗೊತ್ತಿರುವ ಒಂದು ಐಸೋಟೋಪನ್ನು ಅಳೆದಿದ್ದರೆ ಅರ್ಧ ಗಂಟೆಯಲ್ಲಿ ಸಿಕ್ಕಿಬೀಳುತ್ತಿತ್ತು. ಸ್ಲೈಡಿನಲ್ಲಿ ಇದಕ್ಕೊಂದು ಸಾಲು ಕೊಡಿ ಮಾರಾಯ್ರೆ.

ಹಳೇ_ಪೋಸ್ಟ್‌ಡಾಕ್:
ಒಪ್ಪಿದೆ. ಒಂದು ಬಿಟ್ಟಿದ್ದೆ. ಪಲ್ಸ್ ಜೋರಾದರೆ ಗೆರೆ ತಾನೇ ಅಗಲವಾಗುತ್ತದೆ. 2015ರ ಫ್ರಾನ್ಸಿಯಂ ಕೆಲಸದಲ್ಲಿ ಸದಾ ಉರಿಯುವ ಲೇಸರನ್ನೇ ಪಾಕೆಲ್ಸ್ ಸೆಲ್‌ನಿಂದ (ವೋಲ್ಟೇಜ್ ಕೊಟ್ಟು ಬೆಳಕನ್ನು ಬಿಟ್ಟು ತಡೆಯುವ ಸಾಧನ) ಕತ್ತರಿಸಿ, ಕೀಳುವ ಪಲ್ಸನ್ನು ಸ್ವಲ್ಪ ತಡವಾಗಿ ಬಿಟ್ಟು 20 ಮೆಗಾಹರ್ಟ್ಜ್‌ಗೆ ತಂದರು. ನಿಮ್ಮ ಎರಡು ಪ್ರಶ್ನೆಗೂ ಅದೊಂದೇ ಉದಾಹರಣೆ ಸಾಕು.

ಗಡಿಯಾರ_ಹುಚ್ಚು:
ಕಿಲೋಹರ್ಟ್ಜ್ ನಿಜಕ್ಕೂ ಬೇಕಾಗುವ ವಿಕಿರಣಶೀಲ ಪರಮಾಣುವೂ ಒಂದಿದೆ: ಥೋರಿಯಂ 229. ಅದರ ನ್ಯೂಕ್ಲಿಯಸ್ಸನ್ನೇ 148 ನ್ಯಾನೋಮೀಟರ್ ಲೇಸರ್‌ನಿಂದ ಎಬ್ಬಿಸಬಹುದು. ಆ ಮಟ್ಟ ನ್ಯಾನೋಸೆಕೆಂಡ್ ಅಲ್ಲ, ನಿಮಿಷಗಟ್ಟಲೆ ನಿಲ್ಲುತ್ತದೆ, ಹಾಗಾಗಿ ಸಹಜ ಅಗಲ ಒಂದು ಹರ್ಟ್ಜ್‌ಗಿಂತ ತುಂಬಾ ಕಡಿಮೆ. ಅರ್ಧಾಯುಷ್ಯವೂ ಸಾವಿರಾರು ವರ್ಷ, ಹರಳಿನಲ್ಲಿ ಹಾಕಿ ನಿಧಾನಕ್ಕೆ ಅಳೆಯಬಹುದು. 2024ರಲ್ಲಿ ಅಮೆರಿಕದ ಬೌಲ್ಡರ್‌ನಲ್ಲಿ ಫ್ರೀಕ್ವೆನ್ಸಿ ಕೋಂಬ್ (ಸಮ ಅಂತರದ ಆವರ್ತನಗಳಿರುವ ಲೇಸರ್ ಅಳತೆಗೋಲು) ಹಿಡಿದು ಆ ಆವರ್ತನವನ್ನು ಕಿಲೋಹರ್ಟ್ಜ್ ಮಟ್ಟಕ್ಕೆ ಅಳೆದರು. 5 ಮಿಲಿಸೆಕೆಂಡ್ ಬದುಕುವ ಫ್ರಾನ್ಸಿಯಂ 214ಕ್ಕೆ ಆ ವೈಭೋಗ ಎಲ್ಲಿ!

ಎಂಎಸ್ಸಿ_ಬೆಂಚು:
ಎಲ್ಲರಿಗೂ ಥ್ಯಾಂಕ್ಸ್. ಏಳನೇ ಸ್ಲೈಡಿನಲ್ಲಿ "ಐಸೋಲ್ಡ್ ಲೇಸರ್‌ಗಳ ಕೊರತೆ" ಅಂತ ತಲೆಬರಹ ಹಾಕಿದ್ದೆ. ಈಗಲೇ ಅಳಿಸುತ್ತೇನೆ.