ಪದಚರ್ಚೆ: ಆಲೂಗಡ್ಡೆ ಗಿಡದೊಳಗಿನ ‘ಲೋಡಿಂಗ್’ಗೆ ‘ಹೇರು’ ಅನ್ನಬಹುದೇ?

ಗೆಳೆಯರೇ,

ಮಂಡ್ಯದ ಪಿಯುಸಿ ಹುಡುಗರಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ಆಲೂಗಡ್ಡೆ ಗಿಡ ಅಮೈನೊ ಆಮ್ಲಗಳನ್ನು ಹೇಗೆ ಮಾಡಿಕೊಳ್ಳುತ್ತದೆ, ಎಲೆಯಿಂದ ಗಡ್ಡೆಗೆ ಹೇಗೆ ಕಳಿಸುತ್ತದೆ ಅನ್ನುವುದು ವಿಷಯ. ನಾಮಪದಗಳು ಅಷ್ಟೇನೂ ಕಾಡಲಿಲ್ಲ. ಅಮೈನೊ ಆಮ್ಲ, ಕಿಣ್ವ, ಸಾರಜನಕ, ಪ್ರೋಟೀನ್ ಎಲ್ಲ ಹೈಸ್ಕೂಲಿನಿಂದಲೇ ಕಿವಿಗೆ ಬಿದ್ದಿರುವ ಮಾತುಗಳು. ಗಿಡದೊಳಗೆ ನೀರು ಒಯ್ಯುವ ಕ್ಸೈಲಂ, ಆಹಾರ ಒಯ್ಯುವ ಫ್ಲೋಯಂ ಕೂಡ ಹಾಗೇ ಇರಲಿ. ತೊಡಕು ಇರುವುದು ಕ್ರಿಯಾಪದಗಳಲ್ಲಿ. ಪಠ್ಯಪುಸ್ತಕದಲ್ಲಿ ಎಲ್ಲದಕ್ಕೂ ‘ಕರಣ’ ಅಂಟಿಸಿ, ಕೊನೆಗೆ ‘ಸಾಗಾಣಿಕೆಯಾಗುತ್ತದೆ’ ಅಂದು ಕೈತೊಳೆದುಕೊಂಡುಬಿಡುತ್ತಾರೆ. ಗಿಡದೊಳಗೆ ನಡೆಯುವುದು ಒಂದೇ ಕೆಲಸವಲ್ಲ, ಬೇರೆಬೇರೆ ಕೆಲಸಗಳು. ಅವಕ್ಕೆ ಬೇರೆಬೇರೆ ಮಾತು ಬೇಡವೇ?

ಮೊದಲು ‘ಸ್ವಾಂಗೀಕರಣ’. ಹೊಲಕ್ಕೆ ಯೂರಿಯಾ ಹಾಕುತ್ತೇವೆ. ಮಣ್ಣಿನಲ್ಲಿ ಅದು ಅಮೋನಿಯಂ ಆಗುತ್ತದೆ, ಆಮೇಲೆ ಬ್ಯಾಕ್ಟೀರಿಯಾಗಳ ಕೈಯಲ್ಲಿ ನೈಟ್ರೇಟ್ ಆಗುತ್ತದೆ. ಬೇರು ಇವೆರಡನ್ನೂ ಎಳೆದುಕೊಳ್ಳಬಲ್ಲದು. ಒಳಗೆ ಬಂದ ನೈಟ್ರೇಟ್ ಮೊದಲು ನೈಟ್ರೈಟ್, ಆಮೇಲೆ ಎಲೆಯ ಕ್ಲೋರೋಪ್ಲಾಸ್ಟಿನೊಳಗೆ ಮತ್ತೆ ಅಮೋನಿಯಂ. ಅದು ಜಾಸ್ತಿ ಸೇರಿದರೆ ಗಿಡಕ್ಕೇ ವಿಷ. ಹಾಗಾಗಿ ಒಂದು ಕಿಣ್ವ ಅದನ್ನು ತಕ್ಷಣ ಹಿಡಿದು ಗ್ಲುಟಮೇಟಿಗೆ ಸೇರಿಸಿ ಗ್ಲುಟಮಿನ್ ಮಾಡುತ್ತದೆ. ಇನ್ನೊಂದು ಕಿಣ್ವ ಆ ಗ್ಲುಟಮಿನ್ನಿಂದ ಎರಡು ಗ್ಲುಟಮೇಟ್ ತೆಗೆಯುತ್ತದೆ. ಒಂದು ಮತ್ತೆ ಅದೇ ಚಕ್ರಕ್ಕೆ, ಇನ್ನೊಂದು ಗಿಡದ ಖರ್ಚಿಗೆ. ಇಲ್ಲಿಗೆ ಸಾರಜನಕ ಉಪ್ಪಿನ ರೂಪ ಬಿಟ್ಟು ಗಿಡದ ಮೈಯಾಯಿತು. ಇದಕ್ಕೆ ನಮ್ಮ ಮನೆಗಳಲ್ಲಿ ಆಗಲೇ ಮಾತಿದೆ: ‘ತಿಂದದ್ದು ಮೈಗೆ ಹತ್ತಿತು’. ‘ಎಷ್ಟು ತಿಂದರೂ ಮೈಗೆ ಹತ್ತೋದಿಲ್ಲ ಇವನಿಗೆ’ ಅನ್ನದ ಅಜ್ಜಿ ಇದ್ದಾರೆಯೇ? ‘ನೈಟ್ರೇಟ್ ಗಿಡದ ಮೈಗೆ ಹತ್ತುವುದು’ ಅಂತಲೇ ಬರೆದಿದ್ದೇನೆ. ಇದರಿಂದ ಇನ್ನೊಂದು ಲಾಭವೂ ಇದೆ. ‘ಸಾರಜನಕ ಸ್ಥಿರೀಕರಣ’ದ ಜೊತೆ ಹುಡುಗರು ಇದನ್ನು ಕಲಸಿಕೊಳ್ಳುವುದಿಲ್ಲ. ಅದು ಹುರುಳಿ, ಅವರೆ ಥರದ ಗಿಡಗಳ ಬೇರುಗಂಟಿನಲ್ಲಿ ಬ್ಯಾಕ್ಟೀರಿಯಾ ಗಾಳಿಯಿಂದ ಹಿಡಿಯುವ ಕೆಲಸ. ಆಲೂಗಡ್ಡೆಗೆ ಆ ಅನುಕೂಲ ಇಲ್ಲ.

‘ಸಂಶ್ಲೇಷಣೆ’ಗೆ ‘ಕಟ್ಟು’ ಅಂದುಕೊಂಡಿದ್ದೆ. ಆದರೆ ರೈತರು ‘ಗಡ್ಡೆ ಕಟ್ಟಿದೆ’, ‘ಕಾಯಿ ಕಟ್ಟಿದೆ’ ಅನ್ನುತ್ತಾರಲ್ವಾ? ‘ಗಡ್ಡೆ ಕಟ್ಟುವಾಗ ಎಲೆ ಅಮೈನೊ ಆಮ್ಲ ಕಟ್ಟುತ್ತದೆ’ ಅಂದರೆ ಕಿವಿಗೆ ಒರಟು. ಅಮೈನೊ ಆಮ್ಲಕ್ಕೆ ಸುಮ್ನೆ ‘ಮಾಡು’, ಅವು ಸೇರಿ ಪ್ರೋಟೀನ್ ಆಗುವುದಕ್ಕೆ ‘ಪೋಣಿಸು’ ಎಂದು ಇಟ್ಟುಕೊಂಡಿದ್ದೇನೆ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ನಿಜವಾದ ಪ್ರಶ್ನೆ ‘ಫ್ಲೋಯಂ ಲೋಡಿಂಗ್’. ಎಲೆಯಲ್ಲಿ ಮಾಡಿದ ಅಮೈನೊ ಆಮ್ಲ ಫ್ಲೋಯಂ ಕೊಳವೆಗೆ ತಾನಾಗಿ ಹರಿದು ಹೋಗುವುದಿಲ್ಲ. ಅದನ್ನು ಒಳಗೆ ಸೇರಿಸಬೇಕು. ಗಾಡಿಗೆ ಭತ್ತದ ಮೂಟೆ, ಲಾರಿಗೆ ಕಬ್ಬು ಹಾಕುವುದಕ್ಕೆ ‘ಹೇರು’ ಅನ್ನುತ್ತೇವೆ. ಅದಕ್ಕೆದುರು ‘ಇಳಿಸು’. ಎಲೆಯಲ್ಲಿ ಹೇರುವುದು, ಗಡ್ಡೆಯಲ್ಲಿ ಇಳಿಸುವುದು. ಇಂಗ್ಲಿಷಿನ ‘ಸೋರ್ಸ್’, ‘ಸಿಂಕ್’ ಜೋಡಿಗೂ ಇದರಿಂದಲೇ ದಾರಿಯಾಯಿತು: ಹೇರುವ ಕಡೆ, ಇಳಿಸುವ ಕಡೆ. ಸಿಂಕ್ ಅಂತಲೇ ಬಿಟ್ಟರೆ ಹುಡುಗರಿಗೆ ಪಾತ್ರೆ ತೊಳೆಯುವ ಜಾಗವೇ ಕಣ್ಣಿಗೆ ಬರುತ್ತದೆ. ‘ಮೂಲ’ ಅನ್ನೋಣ ಎಂದರೆ ಅದಕ್ಕೆ ಬೇರು ಅಂತಲೂ ಅರ್ಥ ಇದೆ, ಗಿಡದ ವಿಷಯದಲ್ಲಿ ಬರೀ ಗೊಂದಲ. ಅದೂ ಅಲ್ಲದೆ ಈ ಜಾಗಗಳು ಅದಲುಬದಲಾಗುತ್ತವೆ. ಬೆಳೆಯುವ ಗಡ್ಡೆ ಇಳಿಸುವ ಕಡೆ. ಅದೇ ಗಡ್ಡೆಯನ್ನು ಮುಂದಿನ ಬೆಳೆಗೆ ಬಿತ್ತಿ ಕಣ್ಣು ಮೊಳೆತಾಗ ಅದು ಹೇರುವ ಕಡೆ. ಎಳೆ ಎಲೆಯೂ ಹಾಗೇ, ಮೊದಲು ತರಿಸಿಕೊಳ್ಳುತ್ತದೆ, ಬಲಿತ ಮೇಲೆ ಕಳಿಸುತ್ತದೆ. ಕೊಯ್ಲು ಹತ್ತಿರ ಬಂದಾಗ ಗಿಡ ಹಳದಿಯಾಗುತ್ತದಲ್ಲ, ಆಗ ಎಲೆ ತನ್ನ ಪ್ರೋಟೀನನ್ನೇ ಒಡೆದು ಅಮೈನೊ ಆಮ್ಲಗಳನ್ನು ಗಡ್ಡೆಗೆ ಕಳಿಸುತ್ತಿರುತ್ತದೆ.

‘ಹೇರಿಕೆ’ ಅಂದ ಕೂಡಲೇ ನಮ್ಮ ಗುಂಪಿನಲ್ಲಿ ಯಾವ ಭಾಷೆಯ ಹೇರಿಕೆ ನೆನಪಾಗುತ್ತದೆ ಅಂತ ಗೊತ್ತು. ಅದಕ್ಕೇ ‘ಹೇರಿಕೆ’ ಬಿಟ್ಟು ‘ಹೇರುವುದು’ ಎಂದೇ ಉಳಿಸಿಕೊಂಡಿದ್ದೇನೆ. ಒಂದು ಒಳ್ಳೇ ಮಾತನ್ನು ರಾಜಕೀಯಕ್ಕೆ ಪೂರ್ತಿ ಬಿಟ್ಟುಕೊಡುವುದು ನನಗೆ ಇಷ್ಟವಿಲ್ಲ.

ಇನ್ನು ಹೇರುವ ಪ್ರೋಟೀನ್, ಅಂದರೆ ‘ಟ್ರಾನ್ಸ್‌ಪೋರ್ಟರ್’. ಮಂಡ್ಯದವನಾದ್ದರಿಂದ ಮೊದಲು ಹೊಳೆದದ್ದು ‘ತೂಬು’. ವಿಶ್ವೇಶ್ವರಯ್ಯ ನಾಲೆಯ ತೂಬು ಎತ್ತಿದರೆ ನೀರು ತಾನೇ ಗದ್ದೆಗೆ ಇಳಿಯುತ್ತದೆ, ನೀರುಗಂಟಿಗೆ ಬೇರೆ ಶ್ರಮವಿಲ್ಲ. ಎಲೆಯಲ್ಲಿ ನಡೆಯುವುದು ಅದಲ್ಲ. ಫ್ಲೋಯಂ ಒಳಗೆ ಅಮೈನೊ ಆಮ್ಲ ಆಗಲೇ ಜಾಸ್ತಿ ಇದ್ದರೂ ಇನ್ನಷ್ಟು ಒಳಗೆ ಹೋಗಬೇಕು. ಅದಕ್ಕೆ ಜೀವಕೋಶ ಮೊದಲು ಶಕ್ತಿ ಖರ್ಚು ಮಾಡಿ ಪ್ರೋಟಾನುಗಳನ್ನು ಪೊರೆಯಿಂದ ಹೊರಕ್ಕೆ ತಳ್ಳುತ್ತದೆ. ಅವು ವಾಪಸ್ ಒಳಕ್ಕೆ ನುಗ್ಗುವಾಗ ಟ್ರಾನ್ಸ್‌ಪೋರ್ಟರ್ ಅವುಗಳ ಜೊತೆಗೇ ಒಂದು ಅಮೈನೊ ಆಮ್ಲವನ್ನೂ ಎಳೆದುಕೊಳ್ಳುತ್ತದೆ. ಇದು ಏತ. ತಗ್ಗಿನಿಂದ ಮೇಲಕ್ಕೆ ಎತ್ತುವ ಕೆಲಸ. ‘ಏತ ನೀರಾವರಿ’ ಇವತ್ತಿಗೂ ಪೇಪರಿನಲ್ಲಿ ಬರುವ ಮಾತು, ಹುಡುಗರಿಗೆ ಹೊಸದೇನಲ್ಲ. ಆಲೂಗಡ್ಡೆಯ ಎಲೆಯಲ್ಲಿರುವ ಇಂಥ ಒಂದು ಏತಕ್ಕೆ ವಿಜ್ಞಾನಿಗಳು ಎಸ್‌ಟಿಎಎಪಿ1 ಎಂದು ಹೆಸರಿಟ್ಟಿದ್ದಾರೆ. ಎಲೆಯಲ್ಲಿ ಆ ಪ್ರೋಟೀನ್ ಕಡಿಮೆಯಾಗುವಂತೆ ಮಾಡಿದ ಗಿಡಗಳಲ್ಲಿ ಗಡ್ಡೆಯ ಅಮೈನೊ ಆಮ್ಲ ಅರ್ಧದವರೆಗೂ ಇಳಿದದ್ದು 2003ರಲ್ಲಿ ವರದಿಯಾಯಿತು. ಎಲೆಯಲ್ಲಿ ಏತ ಕೆಟ್ಟರೆ ಗಡ್ಡೆಗೆ ಪೆಟ್ಟು.

ಹಾಗಂತ ತೂಬನ್ನು ಎಸೆಯಬೇಕಾಗಿಲ್ಲ. ನೆಲದೊಳಗೆ ಅಡ್ಡಕ್ಕೆ ಹರಿಯುವ ಎಳೆಯ ಕಾಂಡದ ತುದಿ ಊದಿಯೇ ಗಡ್ಡೆಯಾಗುವುದು. ಊದುವ ಮುಂಚೆ ಫ್ಲೋಯಮಿನ ಸರಕು ಹೆಚ್ಚಾಗಿ ಜೀವಕೋಶದಿಂದ ಹೊರಬಿದ್ದು, ಮತ್ತೆ ಪೊರೆ ದಾಟಿ ಒಳಗೆ ಹೋಗುತ್ತದೆ. ಊದಲು ಶುರುವಾದ ಮೇಲೆ ದಾರಿ ಬದಲಾಗುತ್ತದೆ. ಜೀವಕೋಶಗಳ ನಡುವಿನ ಸಣ್ಣ ಕಿಂಡಿಗಳಿಂದ ನೇರವಾಗಿ ಇಳಿಯುತ್ತದೆ. ಇದನ್ನು ತೋರಿಸಿದ ಕೆಲಸ ಮುಖ್ಯವಾಗಿ ಸಕ್ಕರೆಯ ಮೇಲೆ ಆದದ್ದು, ಆದರೆ ಅಮೈನೊ ಆಮ್ಲ ಬರುವುದೂ ಅದೇ ಕೊಳವೆಯಲ್ಲಿ. ಆ ಕಿಂಡಿಗಳಿಗೆ ‘ತೂಬು’ ಸರಿಹೊಂದುತ್ತದೆ ಅನ್ನಿಸುತ್ತದೆ. ಎಲೆಯಲ್ಲಿ ಏತ, ಗಡ್ಡೆಯಲ್ಲಿ ತೂಬು. ‘ಟ್ರಾನ್ಸ್‌ಪೋರ್ಟರ್’ಗೂ ‘ಚಾನಲ್’ಗೂ ‘ವಾಹಕ’ ಅಂತ ಒಂದೇ ಪದ ಬಳಸಿದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಕೊನೆಯದು ‘ಮುಕ್ತ ಅಮೈನೊ ಆಮ್ಲ’. ಗಡ್ಡೆಗೆ ಬಂದದ್ದೆಲ್ಲ ಪ್ರೋಟೀನ್ ಆಗುವುದಿಲ್ಲ. ಸಾರಜನಕದ ಸುಮಾರು ಅರ್ಧ ಪಾಲು ಪೋಣಿಸದೆ ಹಾಗೇ ಉಳಿಯುತ್ತದೆ. ಅದರಲ್ಲಿ ಆಸ್ಪರಜಿನ್‌ದೇ ದೊಡ್ಡ ಪಾಲು. ಚಿಪ್ಸ್ ಕರಿಯುವಾಗ 120 ಡಿಗ್ರಿ ಸೆಲ್ಸಿಯಸ್ ದಾಟಿದರೆ ಇದೇ ಆಸ್ಪರಜಿನ್ ಸಕ್ಕರೆಯ ಜೊತೆ ಸೇರಿ ಅಕ್ರಿಲಮೈಡ್ ಎಂಬ, ಆರೋಗ್ಯಕ್ಕೆ ಕೆಡುಕೆಂದು ಶಂಕಿಸುವ ವಸ್ತು ಆಗುತ್ತದೆ. 2002ರಲ್ಲಿ ಸ್ವೀಡನ್ನಿನವರು ಹೇಳಿದ ಮೇಲೆ ದೊಡ್ಡ ಸುದ್ದಿಯಾಯಿತು. ಗಡ್ಡೆಯನ್ನು ಫ್ರಿಜ್ಜಿನಲ್ಲಿಟ್ಟರೆ ಸಕ್ಕರೆ ಏರುತ್ತದೆ, ಕರಿದಾಗ ಬಣ್ಣವೂ ಬೇಗ ಕೆಂಪಾಗುತ್ತದೆ. ಮೈಸೂರಿನಲ್ಲಿ ದೋಸೆ ಪಲ್ಯ ಬೇಯಿಸುವವರಿಗೆ ಈ ಚಿಂತೆ ಇಲ್ಲ, ನೀರಿನಲ್ಲಿ ಬೆಂದದ್ದು ಅಷ್ಟು ಕಾಯುವುದಿಲ್ಲ. ಹೆಚ್ಚಿಟ್ಟ ಹೋಳು ಗಾಳಿಗೆ ಕಪ್ಪಾಗುವುದೂ ಒಂದು ಅಮೈನೊ ಆಮ್ಲದ ಕೆಲಸವೇ. ಟೈರೊಸಿನ್ ಅದರ ಹೆಸರು. ಹೋಳನ್ನು ನೀರಿಗೆ ಹಾಕಿದರೆ ಗಾಳಿ ಅಷ್ಟಾಗಿ ತಾಕುವುದಿಲ್ಲ, ಬಿಳುಪು ಉಳಿಯುತ್ತದೆ. ಹೀಗೆ ಪೋಣಿಸದೆ ಉಳಿದವಕ್ಕೆ ‘ಮುಕ್ತ’ ಬದಲು ‘ಬಿಡಿ’ ಅಂದರೆ? ಬಿಡಿ ಹೂವು, ಬಿಡಿ ಭಾಗ ಅನ್ನುವ ಹಾಗೆ ‘ಬಿಡಿ ಅಮೈನೊ ಆಮ್ಲ’. ಮುಕ್ತ ಅನ್ನುವಾಗ ಯಾರೋ ಸೆರೆಯಿಂದ ಬಿಟ್ಟ ಹಾಗೆ ಕೇಳಿಸುತ್ತದೆ.

ನಿಮ್ಮಿಂದ ಎರಡು ವಿಷಯ ಬೇಕು. ‘ಹೇರು’ ನಿಮ್ಮ ಕಡೆ ದಿನಬಳಕೆಯಲ್ಲಿ ಇನ್ನೂ ಇದೆಯೇ, ಅಥವಾ ಎಲ್ಲರೂ ‘ಲೋಡ್ ಮಾಡು’ ಅಂತಲೇ ಅನ್ನುತ್ತಾರಾ? ಇನ್ನೊಂದು ಹಾಸನ, ಚಿಕ್ಕಬಳ್ಳಾಪುರ, ಬೆಳಗಾವಿ ಕಡೆಯವರಿಗೆ. ಗಡ್ಡೆ ಹಿಡಿಯುವ ಆ ಅಡ್ಡ ಕಾಂಡಕ್ಕೆ, ಇಂಗ್ಲಿಷಿನ ‘ಸ್ಟೋಲನ್’ಗೆ, ಆಲೂಗಡ್ಡೆ ಬೆಳೆಯುವವರು ಏನನ್ನುತ್ತಾರೆ? ನಮ್ಮ ಸುತ್ತಮುತ್ತ ಕಬ್ಬು, ಭತ್ತವೇ ಜಾಸ್ತಿ. ದಯವಿಟ್ಟು ಶಬ್ದಕೋಶ ನೋಡಿ ಹೇಳಬೇಡಿ, ಬುಡಕ್ಕೆ ಮಣ್ಣು ಏರಿಸುವವರನ್ನು ಕೇಳಿ ಹೇಳಿ.