ಹೊಸ ಲೇಔಟಿನಿಂದ ಸರ್ಕಾರಿ ಶಾಲೆಗೆ ಎಷ್ಟು ಮಕ್ಕಳು ಬರ್ತಾರ? ಲೆಕ್ಕ ಹಾಕೋದು ಹೆಂಗ?

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ, ಸೇಡಂ ರಸ್ತೆ:
ನಮಸ್ಕಾರ್ರಿ. ಕಲಬುರಗಿ ರಿಂಗ್ ರೋಡ್ ದಾಟಿ ಸೇಡಂ ರಸ್ತೆ ಕಡೆ ನಮ್ಮ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಅದ. ಕನ್ನಡ ಮಾಧ್ಯಮ, 1ರಿಂದ 7. ಪಕ್ಕದಾಗ 640 ಪ್ಲಾಟಿನ ಲೇಔಟ್ ಬಂದದ. ಹೆಚ್ಚುವರಿ ಕೋಣೆಗೆ ಪ್ರಸ್ತಾವನೆ ಬರೀಬೇಕಾಗಿದೆ. '640 ಮನೆ, ಮನೆಗಿಬ್ಬರು, 1,280 ಮಕ್ಕಳು' ಅಂತ ಒಬ್ಬರು ಬರೆದುಕೊಟ್ಟಾರ. ಈ ಲೆಕ್ಕ ನಿಲ್ತದೇನ್ರಿ?

ನಿವೃತ್ತ ಸಿಆರ್‌ಪಿ (ಶಿಕ್ಷಣ ಇಲಾಖೆಯ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ):
ನಿಲ್ಲೋದಿಲ್ಲರಿ. ಪ್ಲಾಟ್ ಎಣಿಸಿ ಮಕ್ಕಳ ಲೆಕ್ಕ ಹಾಕಬ್ಯಾಡ್ರಿ. ನಮ್ಮ ಕಡೆ ಎನ್‌ಎ (ಕೃಷಿಯೇತರ) ಪ್ಲಾಟ್ ಕೊಂಡವರಲ್ಲಿ ಬಹಳ ಮಂದಿ ವರ್ಷಗಟ್ಟಲೆ ಕಟ್ಟೋದೇ ಇಲ್ಲ, ಕಲ್ಲು ನೆಟ್ಟು ಬಿಟ್ಟಿರ್ತಾರ.

ಪ್ಲಾಟಿನ ಅಳತೆ, ಬೆಲೆ ಹೆಚ್ಚುಕಮ್ಮಿ ಒಂದೇ ಇರುವ, ನಿಮ್ಮದಕ್ಕಿಂತ ಎಂಟ್ಹತ್ತು ವರ್ಷ ಹಳೆಯ ಲೇಔಟ್ ಒಂದು ಆರಿಸ್ರಿ. ಅಲ್ಲಿ ಐದನೇ ವರ್ಷಕ್ಕೆ ಎಷ್ಟು ಕಟ್ಟಡ ಎದ್ದಿದ್ವು, ಒಂದು ಕಟ್ಟಡದಾಗ ಎಷ್ಟು ಕುಟುಂಬ ಅದಾವ ನೋಡ್ರಿ. ಆಮೇಲೆ ಕನಿಷ್ಠ 100 ಕುಟುಂಬದ ಬಾಗಿಲು ತಟ್ರಿ. 'ನಿಮಗೆ ಮಕ್ಕಳೆಷ್ಟು' ಅಂತ ಕೇಳಬ್ಯಾಡ್ರಿ. 'ಈ ಮನಿಯಿಂದ ಬೆಳಿಗ್ಗೆ ಶಾಲಿಗೆ ಹೋಗೋ ಮಕ್ಕಳೆಷ್ಟು, ಎಷ್ಟನೇ ಕ್ಲಾಸು, ಯಾವ ಶಾಲಿ' ಅಂತ ಕೇಳ್ರಿ. ಜೇವರ್ಗಿ, ಅಫಜಲಪುರ ಕಡೆಯ ಹಳ್ಳಿಯಿಂದ ಓದಲಿಕ್ಕೆ ಬಂದು ಅಜ್ಜಿ ಮನ್ಯಾಗೋ ಚಿಕ್ಕಪ್ಪನ ಮನ್ಯಾಗೋ ಇರುವ ಮಕ್ಕಳು ಮೊದಲನೇ ಪ್ರಶ್ನೆಗೆ ಸಿಗೋದಿಲ್ಲ. ಸ್ವಂತ ಮನೆಯವರನ್ನೂ ಬಾಡಿಗೆಯವರನ್ನೂ ಬೇರೆ ಬೇರೆ ಬರ್ಕೊಳ್ರಿ, ಎರಡರ ಲೆಕ್ಕ ಬೇರೆ ಬರ್ತದ.

ಉದಾಹರಣೆಗೆ, ಐದು ವರ್ಷದಾಗ 35% ಪ್ಲಾಟ್ ಕಟ್ಟಿದರು ಅನ್ನಿ: 224 ಕಟ್ಟಡ. ಕಟ್ಟಡಕ್ಕೆ 1.4 ಕುಟುಂಬ ಹಿಡಿದರೆ 314. ನೀವು ಕೇಳಿದ 100 ಕುಟುಂಬದಾಗ 1ರಿಂದ 7ನೇ ತರಗತಿಯ ಮಕ್ಕಳು 78, ಅವರಲ್ಲಿ ಹತ್ತಿರದ ಸರ್ಕಾರಿ ಶಾಲೆಗೆ ಹೋಗುವವರು 27. ಆಗ 314 × 0.27, ಅಂದ್ರ 85 ಮಕ್ಕಳು. 1,280 ಎಲ್ಲಿ, 85 ಎಲ್ಲಿ!

ಈ ಅಂಕಿ ನೀವೇ ಹುಡುಕಬೇಕು. ಬೇರೆ ಊರಿನ ಅಂಕಿ ತಂದು ಇಲ್ಲಿ ಕೂಡಿಸಬ್ಯಾಡ್ರಿ.

ಅಂಕಿಅಂಶದವ, ಬೀದರ್:
ಮೇಲಿನ ಕ್ರಮ ಸರಿ ಇದೆ, ಆದರೆ 85 ಅಂತ ಒಂದೇ ಅಂಕಿ ಬರೆಯಬೇಡಿ. 27 ಚಿಕ್ಕ ಸಂಖ್ಯೆ. ಇನ್ನೊಂದು 100 ಮನೆ ಕೇಳಿದ್ದರೆ ಅದು 17 ಬರಬಹುದಿತ್ತು, 37 ಕೂಡ ಬರಬಹುದಿತ್ತು. ಹಾಗಾಗಿ '53ರಿಂದ 116, ನಡುವೆ 85' ಎಂದು ಬರೆಯಿರಿ. ಅಣ್ಣ-ತಂಗಿ ಒಂದೇ ಶಾಲೆಗೆ ಹೋಗುವುದರಿಂದ ಅಂತರ ಇನ್ನೂ ಸ್ವಲ್ಪ ಹಿಗ್ಗುತ್ತದೆ. 200 ಮನೆ ಕೇಳಿದರೆ ಕುಗ್ಗುತ್ತದೆ.

ಮಾಧ್ಯಮವನ್ನು ಮರೆಯಬೇಡಿ. ಆ 27ರಲ್ಲಿ 12 ಮಕ್ಕಳು ಉರ್ದು ಶಾಲೆಗೆ ಹೋಗುತ್ತಿದ್ದರೆ ನಿಮ್ಮ ಶಾಲೆಯ ಪಾಲು 15 ಮಾತ್ರ: 314 × 0.15 = 47. ಉಳಿದವರಿಗೂ ಕೋಣೆ ಬೇಕೇ ಬೇಕು, ಆದರೆ ಅದು ಉರ್ದು ಶಾಲೆಯ ಪ್ರಸ್ತಾವನೆಯಲ್ಲಿ ಬರಬೇಕು. ಇಲ್ಲದಿದ್ದರೆ ಒಂದು ಕಡೆ ಕೋಣೆ ಖಾಲಿ, ಇನ್ನೊಂದು ಕಡೆ ಮಕ್ಕಳು ವರಾಂಡದಲ್ಲಿ.

47ನ್ನು ಏಳರಿಂದ ಭಾಗಿಸಲೂಬೇಡಿ. ಹೊಸ ಲೇಔಟಿಗೆ ಬರುವವರಲ್ಲಿ ಎಳೆಯ ದಂಪತಿ ಹೆಚ್ಚಿದ್ದರೆ ಒತ್ತಡ ಮೊದಲು 1ರಿಂದ 3ನೇ ತರಗತಿ ಮೇಲೆ ಬೀಳುತ್ತದೆ. ಮುಂದಿನ ವರ್ಷಗಳ ಒಂದನೇ ತರಗತಿಗೆ ಅಂಗನವಾಡಿ ಕಾರ್ಯಕರ್ತೆಯ ಸಮೀಕ್ಷೆ ಪುಸ್ತಕ ನೋಡಿ. 6 ವರ್ಷದೊಳಗಿನ ಮಕ್ಕಳು ಮನೆವಾರು ಅದರಲ್ಲೇ ಇರುತ್ತಾರೆ.

ಎಸ್‌ಡಿಎಂಸಿ ಸದಸ್ಯ, ಸೇಡಂ ರಸ್ತೆ:
ತಿಳೀತ್ರಿ. ಕಟ್ಟಿದ ಮನ್ಯಾಗ ಜನ ಅದಾರೋ ಇಲ್ಲೋ ಹೆಂಗ ಗೊತ್ತಾಗ್ತದ? ಮತ್ತ 47 ಮಕ್ಕಳಿಗೆ ಎಷ್ಟು ಕೋಣೆ?

ನಿವೃತ್ತ ಸಿಆರ್‌ಪಿ:
ಜೆಸ್ಕಾಂ (ವಿದ್ಯುತ್ ಕಂಪನಿ) ಮೀಟರ್ ರೀಡರನ್ನ ಕೇಳ್ರಿ. ಓಡದ ಮೀಟರ್ ಅಂದ್ರ ಬೀಗ ಹಾಕಿದ ಮನಿ. ಕಟ್ಟಡ ಕೆಲಸದ ತಾತ್ಕಾಲಿಕ ಕನೆಕ್ಷನ್, ಬೋರ್‌ವೆಲ್ ಮೋಟರಿನ ಮೀಟರ್ ತೆಗೆದುಹಾಕ್ರಿ, ಇಲ್ಲಾಂದ್ರ ಕುಟುಂಬದ ಲೆಕ್ಕ ಉಬ್ಬುತ್ತದ.

ಕೋಣೆ ಲೆಕ್ಕ ಹಾಜರಿ ಮೇಲಲ್ಲ, ಶಿಕ್ಷಕರ ಹುದ್ದೆ ಮೇಲೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರಕಾರ ಒಬ್ಬೊಬ್ಬ ಶಿಕ್ಷಕರಿಗೆ ಕನಿಷ್ಠ ಒಂದೊಂದು ತರಗತಿ ಕೋಣೆ. 1ರಿಂದ 5ಕ್ಕೆ 61ರಿಂದ 90 ಮಕ್ಕಳಿಗೆ ಮೂವರು, 91ರಿಂದ 120ಕ್ಕೆ ನಾಲ್ವರು ಶಿಕ್ಷಕರು. ಈಗ ನಿಮ್ಮ 1-5ರಾಗ 84 ಮಕ್ಕಳಿದ್ದು, 47ರಾಗ 30 ಮಂದಿ ಅಲ್ಲಿಗೇ ಬಂದರೆ 114. ಒಬ್ಬ ಶಿಕ್ಷಕ, ಒಂದು ಕೋಣೆ ಹೆಚ್ಚು ಕೇಳಲಿಕ್ಕೆ ನಿಮಗ ಆಧಾರ ಸಿಕ್ತು. ಉಳಿದ 17 ಮಂದಿ 6-7ಕ್ಕೆ; ಅಲ್ಲಿ 35 ಮಕ್ಕಳಿಗೆ ಒಬ್ಬರು, ತರಗತಿಗೆ ಕನಿಷ್ಠ ಒಬ್ಬರು.

ಮನೆ ಸಮೀಕ್ಷೆ ಜುಲೈ-ಆಗಸ್ಟಿನಾಗ ಮುಗಿಸ್ರಿ. ದೀಪಾವಳಿ ಆದ ಮ್ಯಾಲ ಗುಳೆ ಹೋಗೋ ಕುಟುಂಬಗಳು ಮಕ್ಕಳನ್ನ ಕರ್ಕೊಂಡೇ ಮುಂಬೈ, ಪುಣೆ ಕಡೆ ಹೊಂಟುಬಿಡ್ತಾವ. ಇನ್ನ ಲೇಔಟಿನಾಗೇ ಶೆಡ್ ಹಾಕ್ಕೊಂಡು ಮನಿ ಕಟ್ಟೋ ಕೂಲಿಯವರ ಮಕ್ಕಳನ್ನ ಐದು ವರ್ಷದ ಅಂದಾಜಿನಾಗ ಕೂಡಿಸಬ್ಯಾಡ್ರಿ. ಆದ್ರ ಅವರ ಹೆಸರು ಬ್ಯಾರೆ ಹಾಳಿಯಾಗ ಬರ್ಕೊಂಡು, ಈ ವರ್ಷನೇ ಶಾಲಿಗೆ ಸೇರಿಸ್ರಿ.